ಸಾಮಾನು ತಲುಪಿದ ಮನೆ

ಮಾರ್ಚ್ ೧, ಶನಿವಾರ

ಕಾರ್ಡು ಮುಗಿದವು. ಒಟ್ಟು ೨೧೪. ಕೊನೆಯದು ಸೋಪಿನ ಡಬ್ಬಿ — ಬಚ್ಚಲ ನಲ್ಲಿಯಿಂದ ಎಡಕ್ಕೆ ಒಂದು ಗೇಣು, ಎದೆಮಟ್ಟದಲ್ಲಿ. ಬೆರಳಿಗೆಲ್ಲ ಶಾಯಿ. ಬೆನ್ನು ಬಿದ್ದುಹೋಗಿದೆ.

ಲೈಬ್ರರಿಯಲ್ಲಿ ಇಪ್ಪತ್ತೇಳು ವರ್ಷ ಪುಸ್ತಕಗಳಿಗೆ ಕಾರ್ಡು ಬರೆದ ಕೈ ಇದು. ಈಗ ಮನೆಗೇ ಬರೆದಿದ್ದೇನೆ. ಒಂದು ಸಾಮಾನಿಗೆ ಒಂದು ಕಾರ್ಡು: ನಂಬರು, ಯಾವ ಕೋಣೆ, ಯಾವುದರಿಂದ ಎಷ್ಟು ಹೆಜ್ಜೆ. ಹೆಜ್ಜೆ ಅಣ್ಣನದು. ಅವನು ನಡೆದ, ನಾನು ಎಣಿಸಿದೆ. ಕಿಟಕಿ ಪಕ್ಕದ ಕುರ್ಚಿಯಿಂದ ಟೀಪಾಯಿಗೆ ಎರಡೂವರೆ. ಟೀಪಾಯಿಯಿಂದ ಅವನ ರೇಡಿಯೋ ಬೆಂಚಿಗೆ ಐದು. ಅರ್ಧ ಹೆಜ್ಜೆಗೂ ಜಗಳ ಆಡಿದ. "ಎರಡೂಮುಕ್ಕಾಲು ಅಂತ ಬರೆದ್ಯಾ? ಕಿವಿ ತೊಳ್ಕೊಳ್ಳೇ ದೊರೆಸಾನಿ." ಚಿಕ್ಕಂದಿನಿಂದ ಅವನು ನನ್ನನ್ನು ಕರೆಯುವುದೇ ಹಾಗೆ.

ಅಣ್ಣನಿಗೆ ಕಣ್ಣು ಹೋಗಿ ಹತ್ತೊಂಬತ್ತು ವರ್ಷ. ಆದರೆ ಈ ಮನೆಯೊಳಗೆ ಅವನು ಕುರುಡನಲ್ಲ. ಕೋಲು ಮುಟ್ಟುವುದಿಲ್ಲ. ತಾನೇ ಶೇವ್ ಮಾಡಿಕೊಳ್ಳುತ್ತಾನೆ, ಟೀ ಮಾಡುತ್ತಾನೆ, ಜನರ ಕೆಟ್ಟ ರೇಡಿಯೋ ಬಿಚ್ಚಿ ಬೆರಳಲ್ಲೇ ರಿಪೇರಿ ಮಾಡುತ್ತಾನೆ. ನಾನು ಪೊರಕೆಯನ್ನು ಒಂದು ಗೇಣು ಆಚೆ ಇಟ್ಟರೂ ಅವತ್ತು ಬೈಗುಳ ಗ್ಯಾರಂಟಿ.

ಅಂಥವನನ್ನು ಕಿತ್ತುಕೊಂಡು ಹೊರಟಿದ್ದೇನೆ. ಬಡ್ತಿಯ ಆಸೆ. ದೊಡ್ಡ ಲೈಬ್ರರಿ, ದೂರದ ಊರು, ರೈಲಿನಲ್ಲಿ ಎರಡು ದಿನ. ಕೇಳಿದ ತಕ್ಷಣ "ಹೋಗೋಣ ಬಿಡೇ" ಅಂದ. ಒಂದು ಕ್ಷಣವೂ ಯೋಚಿಸಲಿಲ್ಲ. ಅದೇ ನನಗೆ ಚುಚ್ಚುತ್ತಿದೆ. ಮಾತು ಕೊಟ್ಟಿದ್ದೇನೆ — ಇದೇ ಮನೆಯನ್ನು ಅಲ್ಲಿ ಹೀಗೇ ಜೋಡಿಸಿಕೊಡುತ್ತೇನೆ ಅಂತ. ಹಾಲ್ ಅಳತೆ ಒಂದೇ ಇರಬೇಕೆಂದು ಹನ್ನೊಂದು ಮನೆ ಬೇಡವೆಂದು, ಹನ್ನೆರಡನೆಯದಕ್ಕೆ ಅಡ್ವಾನ್ಸ್ ಕಳಿಸಿದ್ದೇನೆ.

ಮಾರ್ಚ್ ೪, ಮಂಗಳವಾರ, ಸಂಜೆ

ಪ್ಯಾಕರ್ಸ್‌ನವರು ಬಂದು ಹೋದರು. ಆರು ಜನ, ಮೇಲೊಬ್ಬ ಸೂಪರ್‌ವೈಸರ್. ಕಾಲಿಗೆ ಬಿಳಿ ಷೂ. ಇಡೀ ದಿನ ಧೂಳು, ಹುಲ್ಲು, ರಟ್ಟಿನ ಚೂರು — ಸಂಜೆಗೂ ಆ ಷೂ ಹಾಗೇ ಬೆಳ್ಳಗೆ. ನನ್ನ ಸೀರೆ ನೋಡಿದರೆ ಕಸದ ಬುಟ್ಟಿಯಿಂದ ಎದ್ದು ಬಂದ ಹಾಗಿತ್ತು. ಇವನೇನು ನೆಲಕ್ಕೆ ಕಾಲಿಡುವುದಿಲ್ಲವೋ ಏನೋ.

ಕಾರ್ಡಿನ ಪೆಟ್ಟಿಗೆ ಕೊಟ್ಟು ವಿವರಿಸಿದೆ. ನಿಂತಲ್ಲೇ ಇನ್ನೂರ ಹದಿನಾಲ್ಕನ್ನೂ ಓದಿದ. ಒಂದು ಗಂಟೆ. ಉಳಿದ ಆರು ಜನ ಒಂದು ಮಾತಾಡದೆ ಕಾದರು. ಕೊನೆಗೆ ಹೇಳಿದ, "ಇಷ್ಟು ಚೆನ್ನಾಗಿ ಯಾರೂ ಬರೆದು ಕೊಟ್ಟಿಲ್ಲ ಮೇಡಂ. ಬರೆದ ಹಾಗೇ ಜೋಡಿಸ್ತೀವಿ. ಬರೆದಿದ್ದು ಒಂದೂ ಬಿಡಲ್ಲ, ಬರೀದೇ ಇರೋದು ಒಂದೂ ಸೇರಿಸಲ್ಲ."

ಇಪ್ಪತ್ತೇಳು ವರ್ಷದಲ್ಲಿ ನನ್ನ ಕಾರ್ಡನ್ನು ಹೊಗಳಿದ ಮೊದಲ ಪ್ರಾಣಿ. ಉಬ್ಬಿಹೋದೆ. ಸುಳ್ಳೇಕೆ.

ಅಣ್ಣ ಕುರ್ಚಿಯಿಂದಲೇ, "ನಂದೂ ಒಂದು ಕಾರ್ಡ್ ಬರ್ಕೊಳ್ಳಿ ಸ್ವಾಮಿ, ನಾನೂ ಹಳೇ ಸಾಮಾನೇ" ಅಂದ. ಆರು ಜನವೂ ನಕ್ಕರು. ಬಿಳಿ ಷೂ ನಗಲಿಲ್ಲ. ಅಣ್ಣನನ್ನು ಕಾಲಿನಿಂದ ತಲೆಯವರೆಗೆ ನೋಡಿದ — ಯಾವ ಅಳತೆಯ ಪೆಟ್ಟಿಗೆ ಬೇಕು ಎಂದು ನೋಡುವ ಹಾಗೆ.

ಕಾರ್ಡಿನ ಪೆಟ್ಟಿಗೆಯನ್ನು ಸಾಮಾನಿನ ಜೊತೆಗೇ ಕಳಿಸಿದೆ. ಪುಸ್ತಕ ಎಲ್ಲಿಗೋ ಕಾರ್ಡೂ ಅಲ್ಲಿಗೆ, ಆಫೀಸಿನ ಅಭ್ಯಾಸ. ಜೆರಾಕ್ಸ್ ಮಾಡಿಸಿಕೊಳ್ಳಬೇಕೆಂದು ಹೊಳೆಯಲೇ ಇಲ್ಲ.

ಈಗ ಖಾಲಿ ಹಾಲ್‌ನಲ್ಲಿ ಚಾಪೆ. ನಾಳೆ ರೈಲು. ಅಣ್ಣ ಆಗಲೇ ಮೆಲ್ಲಗೆ ಕೇಳಿದ, "ಮಧ್ಯಾಹ್ನ ನಾನು ಬೆಂಚಿನ ಹತ್ರ ಕೂತಿದ್ದಾಗ ಹಾಲಲ್ಲಿ ಯಾರೇ ಓಡಾಡ್ತಿದ್ದಿದ್ದು?"

"ಆ ಸೂಪರ್‌ವೈಸರ್ರು. ಕಣ್ಣು ಮುಚ್ಕೊಂಡು ಹೆಜ್ಜೆ ಅಳೀತಿದ್ದ."

"ಅಲ್ಲ ಕಣೇ. ಅದು ನನ್ನ ನಡಿಗೆ. ನನ್ನ ಕಾಲಿನ ಸದ್ದು ನಂಗೆ ಗೊತ್ತಾಗಲ್ವಾ?"

ದಣಿದಿದ್ದೀಯ, ಮಲಗು ಅಂದೆ.

ಮಾರ್ಚ್ ೭, ಶುಕ್ರವಾರ

ತಲುಪಿದೆವು. ಮೂರನೇ ಮಹಡಿ. ಮಾತಾಡಿದರೆ ಗೋಡೆ ತಿರುಗಿ ಮಾತಾಡುತ್ತದೆ. ಅಣ್ಣ ಒಳಗೆ ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟ. ಕೈ ಮುಂದೆ ಚಾಚಿ, ಬೆರಳು ಬಿಡಿಸಿ. ಹತ್ತೊಂಬತ್ತು ವರ್ಷದಲ್ಲಿ ಅವನು ಹಾಗೆ ಕೈ ಚಾಚಿದ್ದು ನಾನು ನೋಡಿಯೇ ಇರಲಿಲ್ಲ.

"ಸೋಮವಾರ ಲಾರಿ ಬರುತ್ತೆ ಅಣ್ಣ. ಮೂರೇ ದಿನ."

"ಬರ್ಲಿ ಬಿಡು, ಎಲ್ಲಿಗೆ ಓಡಿಹೋಗುತ್ತೆ" ಅಂದ. ಧ್ವನಿ ಅವನದಲ್ಲ.

ಪೇಟೆಗೆ ಹೋಗಿ ಎರಡು ಚಾಪೆ, ಚಿಕ್ಕ ಗ್ಯಾಸ್ ಸ್ಟವ್, ಎರಡು ಲೋಟ ತಂದೆ. ಎದುರು ಮನೆಯಲ್ಲಿ ಟೈಲರಮ್ಮ ಇದ್ದಾರೆ. ಇಡೀ ದಿನ ಬಾಗಿಲು ತೆಗೆದು ಹೊಲಿಯುತ್ತಾರೆ. ನಾನಿಲ್ಲದಾಗ ಅಣ್ಣನ ಮೇಲೆ ಒಂದು ಕಣ್ಣಿಡಿ ಎಂದು ಹೇಳಿದ್ದೇನೆ.

ಮಾರ್ಚ್ ೧೦, ಸೋಮವಾರ

ಹೊಸ ಲೈಬ್ರರಿಯಲ್ಲಿ ಮೊದಲ ದಿನ. ಅದರ ಬಗ್ಗೆ ಬರೆಯುವ ಮನಸ್ಸಿಲ್ಲ. ಲಾರಿ ಇಲ್ಲ. ಪ್ಯಾಕರ್ಸ್ ಮಾಲೀಕನಿಗೆ ಫೋನ್ ಮಾಡಿದೆ. ಜೇನಿನಂಥ ಧ್ವನಿ. "ಲಾರಿ ದಾರೀಲಿದೆ ಮೇಡಂ, ಚಿಂತೆ ಮಾಡ್ಬೇಡಿ."

ಮಾರ್ಚ್ ೧೨

"ಲಾರಿ ದಾರೀಲಿದೆ ಮೇಡಂ, ಚಿಂತೆ ಮಾಡ್ಬೇಡಿ." ಅದೇ ಮಾತು, ನಡುವೆ ಅದೇ ಸಣ್ಣ ಕೆಮ್ಮು. ಯಾವ ದಾರಿ ಅಂದೆ. ಇಟ್ಟುಬಿಟ್ಟ.

ಮಾರ್ಚ್ ೧೪, ಶುಕ್ರವಾರ

ಈಗ ಹೊಸ ರಾಗ. ಸಾಮಾನು ಹೇಳಿದ್ದಕ್ಕಿಂತ ಭಾರವಂತೆ. ಇನ್ನೂ ಅರ್ಧದಷ್ಟು ದುಡ್ಡು ಹಾಕದಿದ್ದರೆ ಇಳಿಸುವುದಿಲ್ಲವಂತೆ. ಲೈಬ್ರರಿಯ ಮೆಟ್ಟಿಲ ಮೇಲೆ ನಿಂತು ಉಗಿದು ಉಪ್ಪಿನಕಾಯಿ ಹಾಕಿದೆ. ಓದಲು ಬಂದವರೆಲ್ಲ ಹೊರಗೆ ಬಂದು ನೋಡಿದರು. ಆಮೇಲೆ ತೆಪ್ಪಗೆ ದುಡ್ಡೂ ಹಾಕಿದೆ.

ಹಾಕದೆ ಏನು ಮಾಡಲಿ? ಬೆಳಗ್ಗೆ ಅಣ್ಣ ಬಚ್ಚಲಲ್ಲಿ ಬಿದ್ದು ಹುಬ್ಬು ಒಡೆದುಕೊಂಡ. ಮೂರು ಹೊಲಿಗೆ. ಈಗ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾನೆ, ಏಳುವುದೇ ಇಲ್ಲ. ಗಡ್ಡ ಬಂದಿದೆ. ಟೀ ಕೇಳುವುದಕ್ಕೂ ಸಂಕೋಚ ಅವನಿಗೆ, ನನ್ನ ಹತ್ತಿರ!

ಮಾರ್ಚ್ ೧೬, ಭಾನುವಾರ

ಬೆಳಗ್ಗೆ ಫೋನಿಗೆ ಮೆಸೇಜ್. "ಸಾಮಾನು ತಲುಪಿದೆ." ಕೆಳಗೆ ಒಂದು ಫೋಟೋ.

ನಮ್ಮ ಹಾಲ್. ಕುರ್ಚಿ, ಟೀಪಾಯಿ, ರೇಡಿಯೋ ಬೆಂಚು, ಪುಸ್ತಕದ ಬೀರು, ಗೋಡೆ ಗಡಿಯಾರ, ನೀಲಿ ಪರದೆ. ಎಲ್ಲ ತಮ್ಮ ತಮ್ಮ ಜಾಗದಲ್ಲಿ. ಹಳೆಯ ಫೋಟೋ ಕಳಿಸಿ ಕಿವಿಗೆ ಹೂ ಇಡುತ್ತಿದ್ದಾರೆ ಅಂದುಕೊಂಡೆ. ದೊಡ್ಡದು ಮಾಡಿ ನೋಡಿದೆ. ಕುರ್ಚಿಯ ಕಾಲಿಗೆ ಅವರ ನಂಬರ್ ಸ್ಟಿಕರ್ ಇದೆ. ನೆಲ ನಮ್ಮದಲ್ಲ, ಬೂದು ಸಿಮೆಂಟು. ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು. ಮೆಸೇಜ್ ಬಂದದ್ದು ಹನ್ನೊಂದು ಇಪ್ಪತ್ತೊಂದಕ್ಕೆ.

ತಲುಪಿದೆ ಅಂದರೆ ಎಲ್ಲಿಗೆ? ಮಾಲೀಕನ ಫೋನ್ ಆಫ್.

ಅಣ್ಣನಿಗೆ ಹೇಳಬಾರದಿತ್ತು. ಹೇಳಿಬಿಟ್ಟೆ. "ಓದೇ ಅದನ್ನ" ಅಂದ. ಪೇಪರ್ ಓದಿ ಹೇಳುವ ಹಾಗೆ ಫೋಟೋ ಓದಿ ಹೇಳಿದೆ, ಎಡದಿಂದ ಬಲಕ್ಕೆ. ಒಂದೊಂದಕ್ಕೂ ತಲೆ ಆಡಿಸಿದ. ಬೆಂಚಿನ ಮೇಲೆ ಸೋಲ್ಡರಿಂಗ್ ಕಡ್ಡಿ ಯಾವ ಕಡೆ ಮುಖ ಮಾಡಿದೆ ಎಂದು ಕೇಳಿದ. ಬಲಕ್ಕೆ ಅಂದೆ. ಒಂಬತ್ತು ದಿನದ ಮೇಲೆ ನಕ್ಕ.

ಮಾರ್ಚ್ ೧೮, ಮಂಗಳವಾರ

ರಜೆ ಹಾಕಿ ಪೊಲೀಸ್ ಸ್ಟೇಷನ್. ಬೆಂಚಿನ ಮೇಲೆ ಮೂರು ಗಂಟೆ. ಇನ್ಸ್‌ಪೆಕ್ಟರ್ ಒಳ್ಳೆಯವನೇ, ಆದರೆ ನಿದ್ದೆಗೆಟ್ಟ ಮುಖ. ಬಿಲ್ಲಿನಲ್ಲಿರುವ ವಿಳಾಸದಲ್ಲಿ ಅಲ್ಲಿನ ಪೊಲೀಸರಿಂದ ವಿಚಾರಣೆ ಮಾಡಿಸಿದ. ಅದೊಂದು ಜೆರಾಕ್ಸ್ ಅಂಗಡಿಯಂತೆ. ಅಂಗಡಿಯವನಿಗೆ ಪ್ಯಾಕರ್ಸ್ ಹೆಸರೇ ಗೊತ್ತಿಲ್ಲವಂತೆ.

"ಈ ಹೆಸರಲ್ಲಿ ಕಂಪ್ಲೇಂಟ್ ಇಲ್ಲ ಮೇಡಂ. ಬೇರೆ ಬೇರೆ ಹೆಸರಲ್ಲಿ ಇದೇ ಥರ ಏಳು ಇದೆ."

ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದ. "ಕದ್ದೋರು ಮಾರ್ತಾರೆ, ಇಲ್ಲಾ ಬಿಸಾಕ್ತಾರೆ. ಇವರು ಯಾಕೆ ಜೋಡಿಸಿದಾರೆ?"

ನನ್ನನ್ನು ಕೇಳಿದರೆ? ಮೊದಲು ಮೋಸ ಹೋದವರಲ್ಲಿ ಒಬ್ಬರು ಹಲ್ಲಿನ ಡಾಕ್ಟರಂತೆ. ಅವರ ನಂಬರ್ ಬರೆದುಕೊಟ್ಟ.

ಮಾರ್ಚ್ ೧೯, ಊಟದ ಹೊತ್ತು

ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದೆ. ನನ್ನ ಹೆಸರೂ ಕೇಳಲಿಲ್ಲ. ಮೊದಲ ಮಾತೇ, "ಫೋಟೋ ಬಂತಾ?"

ಬಂತು ಅಂದೆ.

"ಡಿಲೀಟ್ ಮಾಡಿ. ಮತ್ತೆ ನೋಡ್ಬೇಡಿ. ಮನೇಲಿ ಯಾರಿಗೂ ತೋರಿಸ್ಬೇಡಿ. ನನ್ನ ಹೆಂಡ್ತಿ ದಿನಾ ನೋಡ್ತಿದ್ಳು. ನಮ್ಮ ಮನೆ ಅಲ್ಲೇ ಇದೆಯಲ್ರೀ, ನಾವ್ಯಾಕೆ ಇಲ್ಲಿದೀವಿ ಅಂತಿದ್ಳು. ಒಂದಿನ ಕ್ಲಿನಿಕ್ಕಿಂದ ಬಂದು ನೋಡ್ತೀನಿ, ಅವಳಿಲ್ಲ."

"ಎಲ್ಲಿಗೆ ಹೋದ್ರು?"

"ಮನೆಗೆ" ಅಂದರು. ಆಮೇಲೆ ಅಳುವ ಸದ್ದು. ಫೋನ್ ಇಟ್ಟುಬಿಟ್ಟೆ.

ಪಾಪ, ದುಃಖಕ್ಕೆ ತಲೆ ಕೆಟ್ಟಿರಬೇಕು. ಫೋಟೋ ಡಿಲೀಟ್ ಮಾಡಲಿಲ್ಲ. ಪುರಾವೆ ಅದು.

ಮಾರ್ಚ್ ೨೭, ಗುರುವಾರ

ಎಂಟು ದಿನ ಬರೆದಿಲ್ಲ. ಖುಷಿಯಾಗಿದ್ದೆ, ಅದಕ್ಕೇ. ಅಣ್ಣ ಸುಧಾರಿಸಿದ್ದಾನೆ. ಗಡ್ಡ ತೆಗೆದಿದ್ದಾನೆ. ಕೋಲು ಮೂಲೆಗೆ ಬಿದ್ದಿದೆ. ನಾನು ಎದ್ದೇಳುವ ಮೊದಲೇ ಟೀ ಮಾಡಿಟ್ಟಿರುತ್ತಾನೆ.

ಆದರೆ ಇವತ್ತು ಬೇಗ ಬಂದೆ. ತಲೆನೋವು. ಸದ್ದಾಗದಂತೆ ಬಾಗಿಲು ತೆಗೆದೆ. ಖಾಲಿ ಹಾಲ್‌ನಲ್ಲಿ ನಡೆಯುತ್ತಿದ್ದ. ಕಿಟಕಿಯ ಹತ್ತಿರದಿಂದ ಎರಡೂವರೆ ಹೆಜ್ಜೆ, ಸ್ವಲ್ಪ ಎಡಕ್ಕೆ ಸುತ್ತಿ, ಮತ್ತೆ ಐದು. ಏನೂ ಇಲ್ಲದ ಕಡೆ ಸುತ್ತಿ ಹೋಗುತ್ತಿದ್ದ. ಸೊಂಟದ ಎತ್ತರದಲ್ಲಿ ಗಾಳಿಯನ್ನು ಬೆರಳಿನಿಂದ ಸವರಿದ — ಬೆಂಚಿನ ಅಂಚು ಸವರುವ ಹಾಗೆ.

"ಏನಣ್ಣ ಇದು?"

ಬೆಚ್ಚಿದ. ಕದ್ದು ಸಿಕ್ಕಿಬಿದ್ದವನ ಮುಖ. "ಪ್ರಾಕ್ಟೀಸ್ ಕಣೇ. ಸಾಮಾನು ಬಂದ್ಮೇಲೆ ಮರೆತುಹೋಗಿರಬಾರದಲ್ಲ."

ಟೈಲರಮ್ಮ ಮೆಟ್ಟಿಲಲ್ಲಿ ಸಿಕ್ಕಿದ್ದರು. "ನಿಮ್ಮಣ್ಣ ಈಗ ಗೆಲುವಾಗಿದಾರೆ ಬಿಡಿ. ದಿನಾ ಹನ್ನೊಂದಕ್ಕೆ ಫೋನ್ ಬರುತ್ತೆ, ಗಂಟೆಗಟ್ಟಲೆ ಕೇಳ್ತಾ ಕೂರ್ತಾರೆ."

ಈ ಊರಲ್ಲಿ ಅಣ್ಣನಿಗೆ ಫೋನ್ ಮಾಡುವವರು ಯಾರು?

ಮಾರ್ಚ್ ೨೮

ಕೇಳಿಯೇಬಿಟ್ಟೆ. ಮುಚ್ಚಿಡಲಿಲ್ಲ.

"ಆ ಸೂಪರ್‌ವೈಸರ್ರು. ಒಳ್ಳೆ ಮನುಷ್ಯ ಕಣೇ, ಮಾತು ಕಮ್ಮಿ. ಫೋನ್ ಮಾಡಿ ಟೀಪಾಯಿ ಮೇಲೆ ಇಟ್ಟು ಹೋಗ್ತಾನೆ, ಅಷ್ಟೇ. ನಾನು ಕೇಳ್ತೀನಿ. ಗಡಿಯಾರ, ಬೀರು ಮೂರನೇ ಬಾಗಿಲು ಕಿರ್ ಅನ್ನೋದು… ಎಲ್ಲ ಇದೆ. ನಮ್ಮ ಮನೆ ಹಾಗೇ ಇದೆ."

"ಅವನು ಕಳ್ಳ ಅಣ್ಣ! ದುಡ್ಡು ತಿಂದು ಸಾಮಾನು ಇಟ್ಕೊಂಡಿರೋ ಕಳ್ಳ!"

"ಇರ್ಲಿ. ಆಮೇಲೆ ನಾನು ಇಲ್ಲಿ ಎದ್ದು ನಡೀತೀನಿ. ಅಲ್ಲಿ ಸದ್ದು ಬರುತ್ತೆ."

"ಏನು ಸದ್ದು?"

"ನನ್ನ ಹೆಜ್ಜೆ" ಅಂದ. ಮಗುವಿನಂತೆ ನಗುತ್ತ.

ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದೆ. ಅಣ್ಣನ ಫೋನಿಗೆ ಬಂದ ಕರೆಗಳ ಲೆಕ್ಕ ತೆಗೆಸಿದ. ಇಪ್ಪತ್ತು ದಿನದಲ್ಲಿ ನನ್ನದೊಂದು ಬಿಟ್ಟು ಬೇರೆ ಯಾವ ಕರೆಯೂ ಬಂದಿಲ್ಲವಂತೆ.

ಮಾರ್ಚ್ ೨೯, ಶನಿವಾರ

ಫೋನ್ ಕಿತ್ತಿಟ್ಟುಕೊಂಡೆ. ಅಣ್ಣ ಕೂಗಾಡಿದ. ತಮಾಷೆಗೆ ಬೈಯುತ್ತಿದ್ದನೇ ಹೊರತು ಹುಟ್ಟಿದಾಗಿನಿಂದ ನನ್ನ ಮೇಲೆ ಧ್ವನಿ ಎತ್ತಿದವನಲ್ಲ. "ಒಂದ್ಸಲ ಕಣ್ಣು ಹೋಗಿತ್ತು. ನಿನ್ನ ಬಡ್ತಿಗೋಸ್ಕರ ಇನ್ನೊಂದ್ಸಲ ಕಿತ್ಕೊಂಡೆ ನೀನು. ಕೊಡೇ ಅದನ್ನ!"

ಕೊಟ್ಟೆ. ನಿಜವಲ್ಲವೇ ಅವನು ಹೇಳಿದ್ದು? ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತೆ. ಐವತ್ತಾರು ವರ್ಷದ ಹೆಂಗಸು, ಮುಖ್ಯ ಕ್ಯಾಟಲಾಗರ್, ಬಕೆಟ್ ಮುಂದೆ ಕೂತು ಗೊಳೋ ಎಂದು. ಥೂ.

ಹೊರಗೆ ಬಂದಾಗ ಅಣ್ಣ ಹಾಲ್ ನಡುವೆ ಕೂತು ಮೊಣಕಾಲ ಕೆಳಗೆ ಒತ್ತಿ ಹಿಡಿದಿದ್ದ. ರಕ್ತ. ಚರ್ಮ ನೆಟ್ಟಗೆ ಒಂದು ಗೆರೆಯಾಗಿ ಸುಲಿದಿತ್ತು.

"ಟೀಪಾಯಿ ತಾಗ್ತು. ಯಾರೋ ಸರಿಸಿದಾರೆ ಕಣೇ, ಒಂದು ಗೇಣು."

ಸುತ್ತ ನೋಡಿದೆ. ಹಾಲ್ ಪೂರ್ತಿ ಖಾಲಿ. ಮೊಳೆ ಇಲ್ಲ, ಕಲ್ಲಿಲ್ಲ, ಹಾಸಿದ ಚಾಪೆ ಎರಡು. ಗಾಯ ತೊಳೆದು ಬಟ್ಟೆ ಕಟ್ಟಿದೆ. ನಾಲ್ಕು ಗಂಟೆಗೆ ಮತ್ತೊಂದು ಫೋಟೋ ಬಂತು. ಅದೇ ಹಾಲ್. ಟೀಪಾಯಿ ಒಂದು ಗೇಣು ಮುಂದಕ್ಕಿದೆ. ಅಂಚಿನಲ್ಲಿ ಏನೋ ಒದ್ದೆ.

ಡಿಲೀಟ್ ಮಾಡಿದೆ. ಎಲ್ಲವನ್ನೂ. ಸೋಮವಾರ ವರ್ಗಾವಣೆ ರದ್ದು ಮಾಡಿ ಎಂದು ಅರ್ಜಿ ಕೊಡುತ್ತೇನೆ. ಬಡ್ತಿ ಹಾಳಾಗಿ ಹೋಗಲಿ. ಹಳೆಯ ಮನೆಗೇ, ಇಲ್ಲವಾದರೆ ಪಕ್ಕದ ಮನೆಗೆ. ಅಣ್ಣನಿಗೆ ಹೇಳಿದೆ. "ಹಳೇ ಮನೆ ಅಲ್ಲೆಲ್ಲಿದೆಯೇ?" ಅಂದ.

ಏಪ್ರಿಲ್ ೧, ಮಂಗಳವಾರ

ಅಣ್ಣ ಇಲ್ಲ.

ಅದೇ ದಿನ, ಸಂಜೆ ೫

ಟೈಲರಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡುತ್ತೇನೆ. ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

"ಹನ್ನೊಂದೂವರೆ ಇರ್ಬೇಕು. ಲಾರಿ ಬಂತು. ಸದ್ಯ, ನಿಮ್ಮ ಸಾಮಾನು ಬಂತಲ್ಲ ಅಂತ ಖುಷಿ ಆಯ್ತು ನಂಗೆ. ಆದ್ರೆ ಅವರು ಏನೂ ಒಳಗೆ ತರಲಿಲ್ಲಮ್ಮ. ಒಂದನ್ನ ಹೊರಗೆ ಒಯ್ದರು. ಕಂಬಳಿ ಸುತ್ತಿ, ಟೇಪ್ ಹಾಕಿ… ಕುರ್ಚಿ ಇರ್ಬೇಕು ಅನ್ಕೊಂಡೆ, ಕೂತ ಹಾಗಿತ್ತು. ಇಬ್ಬರು ಎತ್ಕೊಂಡಿದ್ರು. ಹಿಂದೆ ಒಬ್ಬ, ಬಿಳಿ ಷೂ. ಮೆಟ್ಟಿಲು ತಿರುವಲ್ಲಿ ತಗುಲೋ ಹಾಗಾಯ್ತು. ಆಗ ಒಳಗಿಂದ ಯಾರೋ 'ನಿಧಾನ ಕಣ್ರಪ್ಪಾ' ಅಂದು ನಕ್ಕ ಹಾಗೆ ಕೇಳಿಸ್ತು. ನನ್ನ ಮಿಷಿನ್ ಸದ್ದೇನೋ ಅನ್ಕೊಂಡೆ."

"ನಂಬರ್ ಅಂಟಿಸಿತ್ತಾ?"

"ಹೂಂ. ಇನ್ನೂರ ಹದಿನೈದು."

ಏಪ್ರಿಲ್ ೨, ಬುಧವಾರ, ಬೆಳಗ್ಗೆ

ಪೊಲೀಸರು ಬಂದರು. ಹೊಡೆದಾಟದ ಗುರುತಿಲ್ಲ, ಸ್ವಂತ ಇಷ್ಟದಿಂದಲೇ ಹೋದ ಹಾಗಿದೆ ಅಂದರು. ಕಣ್ಣು ಕಾಣದ ಅರವತ್ತರ ಮನುಷ್ಯ ಎಲ್ಲಿಗೆ ಹೋಗುತ್ತಾನೆ ಎಂದು ಕಿರುಚಿದೆ. ಇನ್ಸ್‌ಪೆಕ್ಟರ್ ನೆಲ ನೋಡುತ್ತಿದ್ದ. ಅವನಿಗೂ ಹಲ್ಲಿನ ಡಾಕ್ಟರ ಮಾತು ನೆನಪಾಗಿರಬೇಕು. ದಾರಿಗಳಲ್ಲೆಲ್ಲ ಲಾರಿ ನಿಲ್ಲಿಸಿ ನೋಡಿಸುತ್ತೇನೆ ಅಂದ.

ಬೆಳಗ್ಗೆ ೧೧

ಅಣ್ಣನ ಫೋನ್! ಒಂದು ಮಾತೂ ಮರೆಯುವ ಮೊದಲು ಈಗಲೇ ಬರೆಯುತ್ತೇನೆ.

"ದೊರೆಸಾನಿ! ಎಲ್ಲ ಸರಿಯಾಗಿದೆ ಕಣೇ. ಕುರ್ಚಿಯಿಂದ ಟೀಪಾಯಿ ಎರಡೂವರೆ. ಸರಿಯಾಗಿ ಎರಡೂವರೆ! ಟೀಪಾಯಿನೂ ವಾಪಸ್ ಇಟ್ಟಿದಾರೆ. ಕೋಲು ಬೇಕಾಗೇ ಇಲ್ಲ."

"ಎಲ್ಲಿದೀಯ ಅಣ್ಣ? ಯಾವ ಊರು?"

"ಊರು ತಗೊಂಡು ನಾನೇನು ಮಾಡ್ಲಿ? ನಂಗೆ ಕಾಣುತ್ತಾ?" ಗಹಗಹಿಸಿ ನಕ್ಕ. ನನಗೂ ಅಳುವಿನ ನಡುವೆ ನಗು ಬಂತು. ಹಾಳಾದವನು.

"ಕಿಟಕಿ ಹೊರಗೆ ಏನು ಸದ್ದಿದೆ ಹೇಳು. ರೈಲು? ಬಸ್ಸು? ಪೊಲೀಸರಿಗೆ ಹೇಳ್ತೀನಿ."

ಎದ್ದು ಹೋದ. ಹೆಜ್ಜೆ ಕೇಳಿಸಿತು. ಪರದೆಯ ಉಂಗುರ ಸರಿದ ಸದ್ದು. ಅಂಗೈ ಏನನ್ನೋ ತಟ್ಟಿದ ಸದ್ದು.

"ಪರದೆ ಹಿಂದೆ ಗೋಡೆ ಇದೆ ಕಣೇ."

"ಸರಿ. ಬಾಗಿಲ ಹತ್ರ ಹೋಗು."

ಮತ್ತೆ ಹೆಜ್ಜೆ. ಒಂದು ಸುತ್ತು. ಎರಡು ಸುತ್ತು. ಅಂಗೈ ಗೋಡೆ ಸವರುವ ಸದ್ದು, ಸಿಮೆಂಟಿನ ಮೇಲೆ. ಮೂರನೇ ಸುತ್ತಿಗೆ ಹೆಜ್ಜೆಯ ಸದ್ದು ಬದಲಾಯಿತು. ಕೈ ಮುಂದೆ ಚಾಚಿ ನಡೆಯುವವನ ಹೆಜ್ಜೆ.

"ದೊರೆಸಾನಿ… ನೀನು ಬಾಗಿಲಿಗೆ ಕಾರ್ಡು ಬರೆದಿದ್ಯಾ?"

ಅಲ್ಲಿಗೆ ಕಟ್ಟಾಯಿತು.

ಬರೆದಿರಲಿಲ್ಲ. ಬಾಗಿಲು ಸಾಮಾನಲ್ಲ. ಕಿಟಕಿ ಸಾಮಾನಲ್ಲ. ಪರದೆಗೆ ಬರೆದೆ, ಪರದೆಯ ಕಂಬಿಗೆ ಬರೆದೆ, ಕಾಲೊರೆಸುವ ಚಾಪೆಗೆ ಬರೆದೆ. ಲಾರಿಗೆ ಹಾಕಲಾಗದ್ದನ್ನು ಯಾರು ಪಟ್ಟಿ ಮಾಡುತ್ತಾರೆ? ಅವರು ಬರೆದ ಹಾಗೇ ಜೋಡಿಸಿದ್ದಾರೆ. ನಾನು, ನನ್ನ ಕೈಯಾರೆ, ಅಣ್ಣನಿಗೆ ಬಾಗಿಲಿಲ್ಲದ ಮನೆ ಬರೆದುಕೊಟ್ಟಿದ್ದೇನೆ.

ಮಧ್ಯಾಹ್ನ ೩

ಮತ್ತೆ ಫೋನ್. ಈ ಸಲ ಪಿಸುಮಾತು.

"ಸುತ್ತಿಗೆ ತಗೊಂಡು ಗೋಡೆಗೆ ಬಡಿದೆ. ಆ ಕಡೆಯಿಂದ ಯಾರೋ ತಿರುಗಿ ಬಡಿದ್ರು. ಒಬ್ಬ ಹೆಂಗಸು. ಗಂಡ ಹಲ್ಲಿನ ಡಾಕ್ಟರಂತೆ. ನಿಮ್ಮ ಮನೆಗೆ ಬಾಗಿಲಿದೆಯಾ ಅಂತ ಕೇಳಿದ್ರು. ಅವರ ಆಚೆ ಇನ್ನೂ ಮನೆಗಳಿವೆಯಂತೆ. ಸಾಲಾಗಿ… ಭಯ ಆಗ್ತಿದೆ ಕಣೇ. ಬಾರೇ. ಬಾ."

ಅಣ್ಣ ಭಯ ಎಂಬ ಮಾತಾಡಿದ್ದು ಇದೇ ಮೊದಲು. ಕಣ್ಣು ಹೋದ ದಿನವೂ ಆಡಿರಲಿಲ್ಲ.

ಸಂಜೆ ೬

ಮಾಲೀಕನ ನಂಬರಿಗೆ ಮಾಡಿದೆ. ಎತ್ತಿದವನು ಬಿಳಿ ಷೂ. ಬೈಯಲಿಲ್ಲ. ಬೈಗುಳ ಮುಗಿದುಹೋಗಿದೆ. ಬೇಡಿಕೊಂಡೆ. ಒಂದೇ ಒಂದು ಕಾರ್ಡು ಸೇರಿಸಿ, ಬಾಗಿಲಿನದು, ಬೇಕಾದಷ್ಟು ದುಡ್ಡು ಕೊಡುತ್ತೇನೆ ಅಂದೆ.

"ದುಡ್ಡಿನ ವಿಷಯ ಮಾಲೀಕರದ್ದು ಮೇಡಂ. ನನ್ನ ಕೆಲಸ ಜೋಡಿಸೋದು. ಬಾಗಿಲು ಸಾಮಾನಲ್ಲ. ಎತ್ತೋಕೆ ಆಗೋದನ್ನ ಮಾತ್ರ ಸೇರಿಸಬಹುದು."

"ಹಾಗಾದ್ರೆ ಅಣ್ಣನನ್ನ ವಾಪಸ್ ಕಳಿಸಿ."

"ತಲುಪಿಸಿದ್ದನ್ನ ವಾಪಸ್ ತರೋ ಪದ್ಧತಿ ಇಲ್ಲ ಮೇಡಂ." ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ. "ನಾಳೆ ಬೆಳಗ್ಗೆ ನಿಮ್ಮ ಕಡೆ ಲಾರಿ ಬರುತ್ತೆ. ಇನ್ನೊಂದಕ್ಕೆ ಜಾಗ ಇದೆ. ಬುಕ್ ಮಾಡ್ಲಾ?"

ಏಪ್ರಿಲ್ ೩, ಗುರುವಾರ, ಬೆಳಗ್ಗೆ ೯:೧೦

ಬುಕ್ ಮಾಡಿದೆ.

ಇನ್ಸ್‌ಪೆಕ್ಟರಿಗೆ ಹೇಳಿದ್ದೇನೆ. ಕೆಳಗೆ ಮಫ್ತಿಯಲ್ಲಿ ಇಬ್ಬರನ್ನು ನಿಲ್ಲಿಸಿದ್ದಾನೆ, ಜೀಪಿನಲ್ಲಿ ಲಾರಿಯ ಬೆನ್ನು ಹತ್ತುತ್ತಾನಂತೆ. ಹತ್ತಲಿ. ಒಳ್ಳೆಯವನು, ಪಾಪ. ನನಗೆ ನಂಬಿಕೆ ಇಲ್ಲ.

ನನ್ನ ನಂಬಿಕೆ ಬೇರೆ. ಆ ಮನೆಯ ಬಾಗಿಲು ಎಲ್ಲಿರಬೇಕಿತ್ತು ಎಂಬುದನ್ನು ಕಣ್ಣಿಂದ ನೋಡಿ ಹೇಳಬಲ್ಲವಳು ನಾನೊಬ್ಬಳೇ. ಭಯದಲ್ಲಿ ಸುತ್ತಿ ಸುತ್ತಿ ಅಣ್ಣನಿಗೆ ದಿಕ್ಕೇ ತಪ್ಪಿರಬೇಕು, ಯಾವ ಗೋಡೆಯನ್ನು ಅಂತ ಒಡೆದಾನು? ಅಲ್ಲಿ ಬೆಂಚಿದೆ, ಸುತ್ತಿಗೆ ಇದೆ, ಉಳಿ ಇದೆ. ನಾನು ತೋರಿಸುತ್ತೇನೆ, ಅವನು ಒಡೆಯುತ್ತಾನೆ. ಆಚೆ ಏನೂ ಇಲ್ಲದಿದ್ದರೂ ಸರಿ, ಒಬ್ಬನೇ ಇರುವುದು ಬೇಡ. ಕರೆದುಕೊಂಡು ಬಂದವಳು ನಾನು.

ಭಯ ಇದೆ. ಬರೆಯದೆ ಕೂತರೆ ಎದ್ದು ಓಡಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

೯:೩೦

ಲಾರಿ ಬಂತು. ಕಿಟಕಿಯಿಂದ ನೋಡಿದೆ. ಮಫ್ತಿಯವರಿಬ್ಬರೂ ಟೀ ಕುಡಿಯುತ್ತ ಖಾಲಿ ರಸ್ತೆ ನೋಡುತ್ತಿದ್ದಾರೆ. ಲಾರಿ ಅವರ ಮೂಗಿನ ಮುಂದೆಯೇ ನಿಂತಿದೆ.

ಮೇಲೆ ಬಂದರು. ಇಬ್ಬರು, ಹಿಂದೆ ಬಿಳಿ ಷೂ. ಕೈಯಲ್ಲಿ ಕಂಬಳಿ, ಟೇಪು. ಬಾಗಿಲಲ್ಲೇ ನಿಂತು ಪಟ್ಟಿ ನೋಡಿ ಕೇಳಿದ, "ಒಂದೇ ಐಟಂ ತಾನೇ ಮೇಡಂ?"

ಹೌದು ಅಂದೆ. ಡೈರಿ ತರಬಹುದಾ ಎಂದು ಕೇಳಿದೆ. ಅದು ಪಟ್ಟಿಯಲ್ಲಿಲ್ಲವಂತೆ. ಕಂಬಳಿ ಬಿಡಿಸುತ್ತಿದ್ದಾರೆ. ಒಂದೇ ನಿಮಿಷ ಇರಿ ಎಂದಿದ್ದೇನೆ. ಅಡುಗೆಮನೆಯಲ್ಲಿ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ, ಒಂದು ಸಲ ನೋಡಿ ಬರ—